ವಾಕಿಟಾಕಿ ಕೊಂಡೆವು, ಆಂಟೆನಾ ಆರಿಸಿದವರು ಯಾರು?

ಸರ್ಕಾರಿ ಇಲಾಖೆಯೊಂದು ವಾಕಿಟಾಕಿಗಳನ್ನು ಖರೀದಿಸಲು ಹೊರಟಾಗ ಕಡತದಲ್ಲಿ ಯಾವ ಪ್ರಶ್ನೆಗಳು ಚರ್ಚೆಗೆ ಬರುತ್ತವೆ ಎಂಬುದನ್ನು ಮೊದಲೇ ಹೇಳಿಬಿಡಬಹುದು. ಎಷ್ಟು ವ್ಯಾಟ್, ಬ್ಯಾಟರಿ ಎಷ್ಟು ಗಂಟೆ ಬಾಳುತ್ತದೆ, ನೀರು ದೂಳು ತಡೆಯುತ್ತದೆಯೇ, ಖಾತರಿ ಎಷ್ಟು ವರ್ಷ, ಕೊನೆಗೆ ದರ ಎಷ್ಟು. ಆ ಪೆಟ್ಟಿಗೆಯ ನೆತ್ತಿಯ ಮೇಲೆ ಗೇಣುದ್ದ ನಿಂತಿರುವ ಕಪ್ಪು ರಬ್ಬರಿನ ಕಡ್ಡಿಯ ಬಗ್ಗೆ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ. ಅದು ಸೆಟ್ಟಿನ ಜೊತೆಗೆ ಪುಕ್ಕಟೆಯಾಗಿ ಬರುವ ವಸ್ತು. ಪುಕ್ಕಟೆ ಬಂದದ್ದನ್ನು ಯಾರೂ ಆರಿಸುವುದಿಲ್ಲ. ಆದರೆ ಮಾತು ಹೊರಗೆ ಹೋಗುವುದೂ ಒಳಗೆ ಬರುವುದೂ ಆ ಕಡ್ಡಿಯ ಮೂಲಕವೇ. ಹಲವು ಸಾವಿರ ರೂಪಾಯಿಯ ಸೆಟ್ಟಿನ ಯೋಗ್ಯತೆಯನ್ನು ಕೆಲವು ನೂರು ರೂಪಾಯಿಯ ಈ ಭಾಗ ನಿರ್ಧರಿಸುತ್ತದೆ ಎಂಬುದು ನಮ್ಮ ಖರೀದಿ ಪದ್ಧತಿಯ ಕಣ್ಣಿಗೆ ಇನ್ನೂ ಬಿದ್ದಂತಿಲ್ಲ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ವಾಕಿಟಾಕಿಯ ಚಿಂತೆ ಏಕೆ ಎಂದು ಓದುಗರು ಕೇಳಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ವಿದ್ಯುತ್ತಿನ ಜೊತೆಗೇ ಮೊಬೈಲ್ ಸಂಪರ್ಕವೂ ಅನೇಕ ಕಡೆ ಕಡಿದುಹೋಯಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಪ್ರದೇಶದಲ್ಲಿ ಭೂಕುಸಿತವಾದ ಮೇಲೆ ಹವ್ಯಾಸಿ ರೇಡಿಯೊ ಬಳಕೆದಾರರು ತಮ್ಮ ಸಲಕರಣೆಗಳೊಂದಿಗೆ ಅಲ್ಲಿ ನೆರವಿಗೆ ನಿಂತರು. ಮೊಬೈಲ್ ಎಂಬುದು ಗೋಪುರ, ವಿದ್ಯುತ್ತು, ಕೇಬಲ್ಲುಗಳ ದೊಡ್ಡ ಸಂಸಾರ. ಒಂದು ಕೊಂಡಿ ಕಳಚಿದರೂ ಮೂಕವಾಗುತ್ತದೆ. ಇಬ್ಬರ ಕೈಯಲ್ಲಿರುವ ಎರಡು ವಾಕಿಟಾಕಿಗಳಿಗೆ ನಡುವೆ ಮೂರನೆಯವರ ಹಂಗಿಲ್ಲ. ಬಂಡೀಪುರ, ನಾಗರಹೊಳೆಗಳ ಕಾಡಿನಲ್ಲಿ ಗಸ್ತು ತಿರುಗುವ ಅರಣ್ಯ ರಕ್ಷಕನಿಗಂತೂ ಬಹಳ ಕಡೆ ಅದೊಂದೇ ಆಸರೆ. ಎದುರಿಗೆ ಒಂಟಿ ಸಲಗ ಬಂದಾಗ ಅಥವಾ ರಾತ್ರಿ ಬಂದೂಕಿನ ಸದ್ದು ಕೇಳಿದಾಗ, ಅವನ ಮಾತು ಶಿಬಿರವನ್ನು ತಲುಪಿತೇ ಇಲ್ಲವೇ ಎಂಬುದು ಪ್ರಾಣದ ಪ್ರಶ್ನೆ.

2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕದಲ್ಲಿ ಮಹಾಪೂರ ಬಂದಾಗ ಅಲ್ಲಿನ ಒಂದು ಜಿಲ್ಲೆಯ ಪರಿಹಾರ ಕಾರ್ಯದ ಉಸ್ತುವಾರಿಗೆ ನನ್ನನ್ನು ನಿಯೋಜಿಸಿದ್ದರು. ನೀರು ಸುತ್ತುವರಿದ ಹಳ್ಳಿಯೊಂದಕ್ಕೆ ದೋಣಿಯಲ್ಲಿ ಹೋದ ತಂಡದ ಬಳಿ ಹೊಸ ವಾಕಿಟಾಕಿ ಇತ್ತು. ನಿಯಂತ್ರಣ ಕೊಠಡಿಯಿಂದ ನಾವು ಹೇಳಿದ್ದೆಲ್ಲ ಅವರಿಗೆ ಕೇಳುತ್ತಿತ್ತು. ಗುಂಡಿ ಒತ್ತಿ ಎರಡು ಬಾರಿ ಸದ್ದು ಮಾಡಿ ಎಂದರೆ ಮಾಡುತ್ತಿದ್ದರು. ಆದರೆ ಅವರ ಮಾತಿನ ಬದಲು ನಮಗೆ ಬರಿಯ ಗರಗರ ಕೇಳುತ್ತಿತ್ತು. ಮೇಲಿನವರ ಮಾತು ಕೆಳಗಿಳಿಯುತ್ತದೆ, ಕೆಳಗಿನವರ ಮಾತು ಮೇಲೇರುವುದಿಲ್ಲ. ನಮ್ಮ ಆಡಳಿತದ ಬಗ್ಗೆ ಬೇರೆ ಸಂದರ್ಭಗಳಲ್ಲಿ ಕೇಳಿದ್ದ ದೂರೇ ಇಲ್ಲಿ ವಿದ್ಯುತ್ಕಾಂತೀಯ ರೂಪ ತಾಳಿತ್ತು. ನಿವೃತ್ತಿಯ ಅಂಚಿನಲ್ಲಿದ್ದ ನಿಸ್ತಂತು ವಿಭಾಗದ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಮೈಕು ತೆಗೆದುಕೊಂಡು, ‘ತಮ್ಮಾ, ಸೆಟ್ ನಡದಾಗಿಂದ ತಗೀ, ಮಾರಿ ಮುಂದ ನೆಟ್ಟಗ ಹಿಡೀ. ಸಾಲಿ ಮಾಳಿಗಿ ಹತ್ತಿ ಮಾತಾಡು’ ಎಂದರು. ಹತ್ತು ನಿಮಿಷದಲ್ಲಿ ಹುಡುಗನ ದನಿ ತುಂಡುತುಂಡಾಗಿಯಾದರೂ ಬಂತು: ಬಾಣಂತಿಯೊಬ್ಬರು ಇದ್ದಾರೆ, ಮೊದಲು ಅವರನ್ನು ಕರೆದೊಯ್ಯಬೇಕು. ಮುಂದಿನ ದೋಣಿಯಲ್ಲಿ ಆ ಹಿರಿಯರು ತಮ್ಮ ಪೆಟ್ಟಿಗೆಯಿಂದ ಮೊಳದುದ್ದದ ಹಳೆಯ ಆಂಟೆನಾ ಒಂದನ್ನು ಹುಡುಕಿ ಕಳಿಸಿಕೊಟ್ಟರು. ಆಮೇಲೆ ಮಾತು ಸ್ಪಷ್ಟವಾಯಿತು. ಸೆಟ್ಟು ಅದೇ, ಬ್ಯಾಟರಿ ಅದೇ, ವ್ಯಾಟ್ ಅದೇ.

ಆ ಹಿರಿಯರಿಗೆ ಗೊತ್ತಿದ್ದುದು ಏನೆಂಬುದನ್ನು ನಾನು ವಿವರವಾಗಿ ಅರಿತದ್ದು ನಿವೃತ್ತಿಯ ನಂತರ, ಹವ್ಯಾಸಿ ರೇಡಿಯೊ ಪರೀಕ್ಷೆ ಬರೆದು ಪರವಾನಗಿ ಪಡೆದ ಮೇಲೆ. ಅರ್ಥಶಾಸ್ತ್ರ ಓದಿದವನಿಗೆ ಭೌತಶಾಸ್ತ್ರ ಸುಲಭವಾಗಿ ಒಲಿಯುವುದಿಲ್ಲ. ಆದರೂ ಇದರ ಲೆಕ್ಕ ಅಂಥ ಕಷ್ಟದ್ದಲ್ಲ. 300ನ್ನು ಮೆಗಾಹರ್ಟ್ಸ್‌ನಲ್ಲಿ ಹೇಳುವ ಕಂಪನಾಂಕದಿಂದ ಭಾಗಿಸಿದರೆ ರೇಡಿಯೊ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಪೊಲೀಸರು, ಅರಣ್ಯ ಇಲಾಖೆಯವರು ಹೆಚ್ಚಾಗಿ ಬಳಸುವ ವಿಎಚ್‌ಎಫ್ ಪಟ್ಟಿಯಲ್ಲಿ, ಉದಾಹರಣೆಗೆ 160 ಮೆಗಾಹರ್ಟ್ಸ್‌ನಲ್ಲಿ, ಅಲೆಯ ಉದ್ದ ಎರಡು ಮೀಟರಿಗೆ ತುಸು ಕಡಿಮೆ. ನೆಟ್ಟಗೆ ನಿಲ್ಲುವ ಸರಳ ಆಂಟೆನಾ ಅದರ ಕಾಲು ಭಾಗ, ಅಂದರೆ ಸುಮಾರು 47 ಸೆಂಟಿಮೀಟರ್ ಇರಬೇಕು. ಯುಎಚ್‌ಎಫ್ ಪಟ್ಟಿಯ 435 ಮೆಗಾಹರ್ಟ್ಸ್‌ನಲ್ಲಿ ಅದೇ ಕಾಲು ಭಾಗ 17 ಸೆಂಟಿಮೀಟರ್ ಮಾತ್ರ. ಅಂದಮೇಲೆ ಗೇಣುದ್ದದ ಕಡ್ಡಿ ಯುಎಚ್‌ಎಫ್ ಸೆಟ್ಟಿಗೆ ಹೆಚ್ಚುಕಡಿಮೆ ಸರಿಯಾದ ಅಳತೆ. ವಿಎಚ್‌ಎಫ್ ಸೆಟ್ಟಿಗೆ ಅದು ಮೊಟಕು. ಆ ಮೊಟಕು ಅಳತೆಯೊಳಗೆ ತಂತಿಯನ್ನು ಸ್ಪ್ರಿಂಗಿನಂತೆ ಸುರುಳಿ ಸುತ್ತಿ, ಮೇಲೆ ರಬ್ಬರು ಹೊದಿಸಿ, ಸೆಟ್ಟು ಅದನ್ನು ಒಪ್ಪಿಕೊಳ್ಳುವಂತೆ ಮಾಡಿರುತ್ತಾರೆ. ಅನುಕೂಲಕ್ಕಾಗಿ ತೆರುವ ಬೆಲೆಯೇನೂ ಚಿಕ್ಕದಲ್ಲ. ಪೂರ್ಣ ಅಳತೆಯ ಕಡ್ಡಿಗೆ ಹೋಲಿಸಿದರೆ ಇಂಥ ಸುರುಳಿಯ ಕಡ್ಡಿ ಶಕ್ತಿಯ ಅರ್ಧದಷ್ಟನ್ನೋ ಅದಕ್ಕೂ ಹೆಚ್ಚನ್ನೋ ಕಳೆದುಬಿಡುವುದು ಸಾಮಾನ್ಯ.

ಇದರ ಜೊತೆಗೆ ವ್ಯಾಟಿನ ಮೋಹವನ್ನು ಇಟ್ಟು ನೋಡಬೇಕು. 5 ವ್ಯಾಟಿನ ಸೆಟ್ಟಿನ ಬದಲು 8 ವ್ಯಾಟಿನದು ಕೊಂಡರೆ ಸಿಗುವ ಹೆಚ್ಚಳ ಎರಡು ಡೆಸಿಬಲ್. ಅತ್ತ ಕಡೆ ಕೇಳುವವರ ಕಿವಿಗೆ ಅದು ಗೊತ್ತಾದರೆ ಆಯಿತು, ಇಲ್ಲದಿದ್ದರೆ ಇಲ್ಲ. ಸಂಕೇತದ ಬಲವನ್ನು ಅಳೆಯುವ ಹವ್ಯಾಸಿಗಳ ಮಾಪಕದಲ್ಲಿ ಒಂದು ಮನೆ ಮೇಲೇರಬೇಕಾದರೆ ಶಕ್ತಿ ನಾಲ್ಕು ಪಟ್ಟಾಗಬೇಕು. ಬ್ಯಾಟರಿ ಮಾತ್ರ ಆ ಹೆಚ್ಚಳವನ್ನು ತಪ್ಪದೆ ಗಮನಿಸುತ್ತದೆ, ಬೇಗ ಬರಿದಾಗುತ್ತದೆ. ಇನ್ನೂ ಮುಖ್ಯವಾದ ಮಾತೊಂದಿದೆ. ವ್ಯಾಟ್ ಹೆಚ್ಚಿಸಿದರೆ ನಮ್ಮ ಬಾಯಿ ದೊಡ್ಡದಾಗುತ್ತದೆಯೇ ಹೊರತು ಕಿವಿಯಲ್ಲ. ಒಳ್ಳೆಯ ಆಂಟೆನಾ ಎರಡೂ ಕೆಲಸ ಮಾಡುತ್ತದೆ. ವೆಚ್ಚದ ಪ್ರತಿ ಹೆಚ್ಚುವರಿ ರೂಪಾಯಿಗೆ ಎಲ್ಲಿ ಹೆಚ್ಚು ಫಲವಿದೆ ಎಂದು ಕೇಳುವುದು ನನ್ನ ಶಾಸ್ತ್ರದ ಮೊದಲ ಪಾಠ; ಇಲ್ಲಿ ಉತ್ತರಕ್ಕಾಗಿ ತಡಕಾಡಬೇಕಾಗಿಲ್ಲ.

ದೋಣಿಯಲ್ಲಿದ್ದವರಿಗೆ ನಮ್ಮ ಮಾತು ಕೇಳಿ, ಅವರದು ನಮಗೆ ಕೇಳದಿದ್ದುದೂ ಇದೇ ಲೆಕ್ಕದಿಂದಲೇ. ಎತ್ತರದ ಜಾಗದಲ್ಲಿರುವ ರಿಪೀಟರ್ ಎಂಬ ಪುನಃಪ್ರಸಾರ ಯಂತ್ರಕ್ಕೆ ಹತ್ತಾರು ವ್ಯಾಟುಗಳ ಬಲ, ಗೋಪುರದ ಮೇಲೆ ದೊಡ್ಡ ಆಂಟೆನಾ. ಅದರ ದನಿ ಎಲ್ಲೆಡೆ ಮುಟ್ಟುತ್ತದೆ. ಕೈಸೆಟ್ಟು ಅದನ್ನು ಮುಟ್ಟುವುದೇ ಕಷ್ಟ. ‘ನಮ್ಮ ವ್ಯಾಪ್ತಿ ಚೆನ್ನಾಗಿದೆ, ಎಲ್ಲ ಕಡೆ ಕೇಳುತ್ತದೆ’ ಎಂದು ಕೇಂದ್ರದಲ್ಲಿ ಕುಳಿತವರು ವರದಿ ಬರೆಯುವಾಗ ಈ ಅಂತರ ಮರೆಯಾಗುತ್ತದೆ.

ಇನ್ನು ಸೊಂಟದ ಮಾತು. ಕೈಸೆಟ್ಟಿನ ಆಂಟೆನಾ ಅರ್ಧ ಮಾತ್ರ. ಉಳಿದರ್ಧವನ್ನು ಸೆಟ್ಟಿನ ಮೈ ಮತ್ತು ಅದನ್ನು ಹಿಡಿದವರ ಕೈ ತುಂಬಿಕೊಡಬೇಕು. ಬೆಲ್ಟಿಗೆ ಸಿಕ್ಕಿಸಿ, ಭುಜದ ಮೈಕಿನಲ್ಲಿ ಮಾತಾಡಿದರೆ ನೋಡಲು ಚೆಂದ. ಆದರೆ ನೀರು ತುಂಬಿದ ನಮ್ಮ ದೇಹ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಹತ್ತು ಡೆಸಿಬಲ್, ಎಂದರೆ ಹತ್ತರಲ್ಲಿ ಒಂಬತ್ತು ಪಾಲು ಅಲ್ಲಿಯೇ ಕರಗಿಹೋಗಬಹುದು. ಅದಕ್ಕಾಗಿಯೇ ಮುಖದೆತ್ತರಕ್ಕೆ, ನೆಟ್ಟಗೆ ಹಿಡಿಯಬೇಕು ಎನ್ನುವುದು. ಅಡ್ಡ ಹಿಡಿದರೆ ಅತ್ತ ಕಡೆಯ ನೆಟ್ಟಗಿನ ಆಂಟೆನಾದೊಂದಿಗೆ ಅದು ಹೊಂದುವುದಿಲ್ಲ. ಸೆಟ್ಟಿನ ಉಳಿದರ್ಧವನ್ನು ತುಂಬಲು ಹವ್ಯಾಸಿಗಳು ಒಂದು ಅಗ್ಗದ ಉಪಾಯ ಮಾಡುತ್ತಾರೆ: ಆಂಟೆನಾದ ಬುಡದ ಲೋಹದ ಭಾಗಕ್ಕೆ, ಬಳಸುವ ಕಂಪನಾಂಕದ ಕಾಲು ಅಲೆಯಷ್ಟು, ವಿಎಚ್‌ಎಫ್ ಆದರೆ ಅರ್ಧ ಮೀಟರಿನ ಆಸುಪಾಸಿನ ತಂತಿಯನ್ನು ಕಟ್ಟಿ ಕೆಳಗೆ ಇಳಿಬಿಡುವುದು. ಅದಕ್ಕೆ ಟೈಗರ್ ಟೇಲ್ ಎಂದು ಹೆಸರು. ಬಂಡೀಪುರದಲ್ಲಿ ಹುಲಿಬಾಲ ಹಿಡಿಯಿರಿ ಎಂದು ಸುತ್ತೋಲೆ ಹೊರಡಿಸಿದರೆ ಸಿಬ್ಬಂದಿ ಏನೆಂದುಕೊಂಡಾರೋ ತಿಳಿಯದು. ಆದರೆ ವಿಎಚ್‌ಎಫ್ ಸೆಟ್ಟಿನಲ್ಲಿ ಈ ಒಂದು ತುಂಡು ತಂತಿಯಿಂದ ಆಗುವ ವ್ಯತ್ಯಾಸ ಎಷ್ಟೋ ಬಾರಿ ಕಿವಿಗೇ ಗೊತ್ತಾಗುತ್ತದೆ.

ಹಾಗಾದರೆ ಎಲ್ಲರಿಗೂ ಉದ್ದನೆಯ ಆಂಟೆನಾ ಕೊಟ್ಟುಬಿಟ್ಟರೆ ಆಯಿತಲ್ಲ ಎಂದರೆ, ಅಷ್ಟು ಸರಳವಲ್ಲ. ಆಯ್ಕೆ ಎಂಬ ಮಾತಿಗೆ ಅರ್ಥ ಬರುವುದು ಇಲ್ಲಿ. ಲಂಟಾನ ಪೊದೆಗಳಲ್ಲಿ ನುಸುಳುವ ಕಾವಲುಗಾರನಿಗೆ ಅರ್ಧ ಮೀಟರಿನ ಕಡ್ಡಿ ಕಣ್ಣಿಗೂ ಕೊಂಬೆಗೂ ತಗಲುವ ಪೀಡೆ. ಎರಡು ದಿನದಲ್ಲಿ ಅವನು ಅದನ್ನು ತೆಗೆದಿಟ್ಟು ಮೊಟಕನ್ನೇ ಹಾಕಿಕೊಳ್ಳುತ್ತಾನೆ, ಅವನದು ತಪ್ಪೂ ಅಲ್ಲ. ಅವನಿಗೆ ಬೇಕಾದದ್ದು ನಡೆಯುವಾಗ ಬಳಸಲು ಬಾಗುವ, ಮಧ್ಯಮ ಉದ್ದದ ಕಡ್ಡಿ. ನಿಂತು ಮಾತಾಡುವಾಗ ತಿರುಗಿಸಿ ಹಾಕಲು ಚೀಲದಲ್ಲೊಂದು ಉದ್ದದ್ದು. ಎಳೆದು ಉದ್ದ ಮಾಡುವ ಟೆಲಿಸ್ಕೋಪಿಕ್ ಆಂಟೆನಾ, ಅರ್ಧ ಅಲೆಯದಾದರೆ ವಿಎಚ್‌ಎಫ್‌ನಲ್ಲಿ ಒಂದು ಮೀಟರಿನಷ್ಟು ಆಗುತ್ತದೆ. ಅದು ಹಿಡಿದವರ ದೇಹದ ನೆರವನ್ನು ಅಷ್ಟಾಗಿ ಬೇಡುವುದಿಲ್ಲ. ಬಂಡೆಯ ಮೇಲೆ ಕುಳಿತು ಮಾತಾಡಲು ಶ್ರೇಷ್ಠ, ನಡೆಯುತ್ತ ಬಳಸಿದರೆ ವಾರದಲ್ಲಿ ಮುರಿಯುತ್ತದೆ. ಕಳ್ಳಬೇಟೆ ತಡೆ ಶಿಬಿರದಂಥ ಒಂದೇ ಜಾಗದಲ್ಲಿರುವವರಿಗೆ ಕೈಸೆಟ್ಟಿನ ಕಡ್ಡಿಯೇ ಬೇಡ. ಬಿದಿರುಗಳದ ತುದಿಗೆ ಕಟ್ಟಿದ ಅಥವಾ ಮರದ ಕೊಂಬೆಯಿಂದ ಇಳಿಬಿಟ್ಟ ತಂತಿಯ ಆಂಟೆನಾ ಸಾಕು, ಅದನ್ನು ಸುರುಳಿ ಸುತ್ತಿ ಜೇಬಿನಲ್ಲಿಡಬಹುದು. ಆದರೆ ಅದನ್ನು ಸೆಟ್ಟಿಗೆ ಜೋಡಿಸುವ ಕೇಬಲ್ಲಿನಲ್ಲೂ ಸೋರಿಕೆಯುಂಟು. ಸಾಮಾನ್ಯವಾಗಿ ಸಿಗುವ ಆರ್‌ಜಿ–58 ಕೇಬಲ್ಲು ವಿಎಚ್‌ಎಫ್‌ನಲ್ಲಿ ಹತ್ತು ಮೀಟರಿಗೆ ಸುಮಾರು ಎರಡು ಡೆಸಿಬಲ್, ಎಂದರೆ ಮೂರನೇ ಒಂದಕ್ಕಿಂತ ಹೆಚ್ಚು ಶಕ್ತಿಯನ್ನು ನುಂಗುತ್ತದೆ. ಆದರೂ ಎತ್ತರದಿಂದ ಸಿಗುವ ಲಾಭ ಆ ನಷ್ಟವನ್ನು ತುಂಬಿಕೊಟ್ಟು ಮಿಗುವುದೇ ಹೆಚ್ಚು.

ನಗರದ ಕಥೆ ಬೇರೆ. ಕಾಂಕ್ರೀಟು ಕಟ್ಟಡಗಳ ಕಿಟಕಿ, ಮೆಟ್ಟಿಲು, ಮೊಗಸಾಲೆಗಳಲ್ಲಿ ನುಸುಳಲು ಯುಎಚ್‌ಎಫ್‌ನ ಚಿಕ್ಕ ಅಲೆಗಳು ಮೇಲು. ಅಲ್ಲಿ ಗೇಣುದ್ದದ ಕಡ್ಡಿಯೇ ಪೂರ್ಣ ಅಳತೆಯದು. ದಟ್ಟ ಕಾಡಿನಲ್ಲಿ, ಅದರಲ್ಲೂ ಮಳೆಯಲ್ಲಿ ತೊಯ್ದ ಎಲೆಗಳ ನಡುವೆ, ಯುಎಚ್‌ಎಫ್ ಬೇಗ ಸೋಲುತ್ತದೆ, ವಿಎಚ್‌ಎಫ್ ಇನ್ನಷ್ಟು ದೂರ ಸಾಗುತ್ತದೆ. ಆದ್ದರಿಂದ ಆಂಟೆನಾದ ಆಯ್ಕೆ ವಾಸ್ತವದಲ್ಲಿ ಕಂಪನಾಂಕದ ಆಯ್ಕೆಯೊಂದಿಗೇ ಆರಂಭವಾಗುತ್ತದೆ. ಬೆಂಗಳೂರಿನ ಮಾಲ್‌ನಲ್ಲಿ ಮೆಚ್ಚುಗೆ ಪಡೆದ ಸೆಟ್ಟನ್ನು ಆಗುಂಬೆಗೆ ಒಯ್ದರೆ ಅದೇ ಫಲ ಸಿಗುತ್ತದೆಂದು ನಿರೀಕ್ಷಿಸಲಾಗದು.

ಮಾರಾಟಗಾರರ ಎರಡು ಮಾತುಗಳನ್ನು ಖರೀದಿ ಸಮಿತಿಗಳು ಎಚ್ಚರದಿಂದ ಕೇಳಬೇಕು. ಮೊದಲನೆಯದು ದೂರ. ಪೆಟ್ಟಿಗೆಯ ಮೇಲೆ ಇಷ್ಟು ಕಿಲೋಮೀಟರು ಎಂದು ಮುದ್ರಿಸಿರುತ್ತಾರೆ. ಈ ಕಂಪನಾಂಕಗಳ ಅಲೆಗಳು ಹೆಚ್ಚುಕಡಿಮೆ ನೋಟದ ಗೆರೆಯಲ್ಲೇ ಸಾಗುತ್ತವೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ಹೇಳಿ, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕ್ಷಿತಿಜದ ದೂರ ಕಿಲೋಮೀಟರಿನಲ್ಲಿ ಬರುತ್ತದೆ. ಬಯಲಿನಲ್ಲಿ ನಿಂತ ಇಬ್ಬರಿಗೆ, ಇಬ್ಬರದೂ ಕೂಡಿಸಿ, ಹತ್ತು ಕಿಲೋಮೀಟರು. ಮರ, ಮನೆಗಳಿದ್ದರೆ ಅದರ ಅರ್ಧವೂ ಸಿಕ್ಕದು. ನಂದಿಬೆಟ್ಟದ ಮೇಲೆ ನಿಂತವರಿಗೆ ಕಾಗದದ ಮೇಲೆ ಹತ್ತಿರ ಹತ್ತಿರ ನೂರು ಕಿಲೋಮೀಟರು. ಅಲ್ಲಿಂದ ಬೆಂಗಳೂರಿನ ಮಾಳಿಗೆಯೊಂದರ ಮೇಲೆ ನಿಂತವರೊಡನೆ ಎಂಥ ಕಳಪೆ ಆಂಟೆನಾದಿಂದಲೂ ಮಾತಾಡಬಹುದು. ಅದನ್ನೇ ಸಾಧನೆಯೆಂದು ತೋರಿಸುವ ಸೆಟ್ಟು ಮಲ್ಲೇಶ್ವರದ ಒಂದು ಅಡ್ಡರಸ್ತೆಯಿಂದ ರಾಜಾಜಿನಗರಕ್ಕೆ ಕೇಳದೇ ಹೋದರೆ ಆಶ್ಚರ್ಯವಿಲ್ಲ. ಗೆದ್ದದ್ದು ಬೆಟ್ಟ, ಸೆಟ್ಟಲ್ಲ.

ಎರಡನೆಯದು ಗೇನ್, ಅಂದರೆ ಲಾಭಾಂಕ. ಆಂಟೆನಾ ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಇದ್ದುದನ್ನು ಹಂಚುವ ರೀತಿಯನ್ನಷ್ಟೇ ಬದಲಿಸುತ್ತದೆ. ಮೇಲಕ್ಕೂ ಕೆಳಕ್ಕೂ ಹೋಗುವುದನ್ನು ಕಡಿಮೆ ಮಾಡಿ ದಿಗಂತದ ಕಡೆ ಹೆಚ್ಚು ಕಳಿಸಿದರೆ ಅದಕ್ಕೆ ಲಾಭ ಎಂದು ಹೆಸರು. ಬಯಲಿನಲ್ಲಿ ಅದು ಒಳ್ಳೆಯದೇ. ಕಣಿವೆಯ ತಳದಲ್ಲಿ ನಿಂತು ಹತ್ತಿರದ ಬೆಟ್ಟದ ತುದಿಯ ರಿಪೀಟರನ್ನು ಮುಟ್ಟಬೇಕಾದವನಿಗೆ ಅಂಥ ಚಪ್ಪಟೆ ಹಂಚಿಕೆ ನೆರವಾಗುತ್ತದೆಂಬ ಭರವಸೆಯಿಲ್ಲ. ಅಲ್ಲದೆ, ಯಾವುದಕ್ಕೆ ಹೋಲಿಸಿ ಇಷ್ಟು ಲಾಭ ಎಂಬುದನ್ನು ಹೇಳದೆ ಬರೆದ ಡೆಸಿಬಲ್ ಅಂಕಿ ಮೂಲ ವರ್ಷವಿಲ್ಲದ ಬೆಲೆ ಸೂಚ್ಯಂಕದಂತೆ; ಅದರಿಂದ ಏನನ್ನೂ ತಿಳಿಯಲಾಗದು.

ಅಂಕಿಗಳ ಬಗ್ಗೆ ಇನ್ನೊಂದು ಮಾತು. ಸೆಟ್ಟು ಕೊಟ್ಟ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ಮರಳಿ ಬರುತ್ತದೆ ಎಂಬುದನ್ನು ಎಸ್‌ಡಬ್ಲ್ಯುಆರ್ ಎಂಬ ಅನುಪಾತದಿಂದ ಅಳೆಯುತ್ತಾರೆ. ಅದು ಒಂದಕ್ಕೆ ಒಂದು ಇದ್ದರೆ ಏನೂ ಮರಳುತ್ತಿಲ್ಲ ಎಂದರ್ಥ. ಟೆಂಡರಿನವರಿಗೆ ಈ ಅಂಕಿ ಬಹಳ ಪ್ರಿಯ, ಏಕೆಂದರೆ ಮೇಜಿನ ಮೇಲೆಯೇ ಅಳೆಯಬಹುದು. ಆದರೆ ಆಂಟೆನಾದ ಜಾಗದಲ್ಲಿ 50 ಓಮ್‌ನ ಒಂದು ರೋಧಕವನ್ನು ಜೋಡಿಸಿದರೂ ಅನುಪಾತ ಒಂದಕ್ಕೆ ಒಂದೇ ಬರುತ್ತದೆ. ಮಾಪಕದ ಪ್ರಕಾರ ಪರಿಪೂರ್ಣ. ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ, ಮಾತು ಹೊರಗೆ ಹೊರಡುವುದೇ ಇಲ್ಲ. ಗುರಿ ಸಾಧನೆಯ ತಖ್ತೆಯಲ್ಲಿ ನೂರಕ್ಕೆ ನೂರು ತುಂಬಿ ಕಳಿಸಿದ ಎಷ್ಟೋ ಯೋಜನೆಗಳು ನನಗೆ ನೆನಪಾಗುತ್ತವೆ.

ಮೈಕೆಲ್ ಕ್ರೆಮರ್ ಎಂಬ ಅರ್ಥಶಾಸ್ತ್ರಜ್ಞ 1993ರಲ್ಲಿ ಮಂಡಿಸಿದ ‘ಓ–ರಿಂಗ್’ ಸಿದ್ಧಾಂತವನ್ನು ನಮ್ಮ ಅಧಿಕಾರಿಗಳ ತರಬೇತಿಯಲ್ಲಿ ಖರೀದಿಯ ಪಾಠಕ್ಕೂ ಸೇರಿಸಬಹುದು. 1986ರಲ್ಲಿ ಚಾಲೆಂಜರ್ ವ್ಯೋಮನೌಕೆ ಸಿಡಿಯಲು ಕಾರಣವಾದ ಒಂದು ರಬ್ಬರ್ ಉಂಗುರದಿಂದ ಅದಕ್ಕೆ ಆ ಹೆಸರು. ಹಲವು ಭಾಗಗಳು ಕೂಡಿ ಆಗುವ ಕೆಲಸದಲ್ಲಿ ಒಂದು ಭಾಗ ಕೆಟ್ಟರೆ ಉಳಿದವುಗಳ ಗುಣ ಅದರ ಕೊರತೆಯನ್ನು ತುಂಬಲಾರದು ಎಂಬುದು ಅದರ ತಿರುಳು. ನಮ್ಮ ಪದ್ಧತಿಯಾದರೋ ಭಾಗಗಳನ್ನು ಕೂಡಿಸಿ ಒಂದು ದರ ಮಾಡಿ, ಕಡಿಮೆ ದರದವರಿಗೆ ಆದೇಶ ಕೊಡುತ್ತದೆ. ಪೈಪೋಟಿಯಲ್ಲಿ ಪೂರೈಕೆದಾರ ವ್ಯಾಟನ್ನು ಕಡಿಮೆ ಮಾಡುವಂತಿಲ್ಲ, ಬ್ಯಾಟರಿಯನ್ನು ಕಡಿಮೆ ಮಾಡುವಂತಿಲ್ಲ, ಅವೆರಡೂ ಷರತ್ತಿನಲ್ಲಿವೆ. ಷರತ್ತಿನಲ್ಲಿ ಇಲ್ಲದ್ದು ಆಂಟೆನಾ. ಅವನು ಉಳಿಸುವುದು ಅಲ್ಲಿ. ಅವನನ್ನು ದೂಷಿಸಿ ಫಲವಿಲ್ಲ.

1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಇದಕ್ಕೆ ಅಡ್ಡಿಯಲ್ಲ. ತಾಂತ್ರಿಕ ಲಕೋಟೆ, ದರದ ಲಕೋಟೆ ಎಂಬ ಎರಡು ಲಕೋಟೆಗಳ ಪದ್ಧತಿಗೆ ಅವಕಾಶವಿದೆ. ಆಂಟೆನಾವನ್ನು ಪ್ರತ್ಯೇಕ ಬಾಬ್ತಾಗಿ ಬರೆಯಬೇಕು. ಬಳಸುವ ಕಂಪನಾಂಕದ ಪಟ್ಟಿಯನ್ನು ನಿಖರವಾಗಿ ಹೇಳಬೇಕು. ಸುರುಳಿಯ ಮೊಟಕು ಕಡ್ಡಿಗಳು ಕಿರಿದಾದ ಪಟ್ಟಿಗಷ್ಟೇ ಹೊಂದುತ್ತವೆ; ಕೆಲವು ತಯಾರಕರು ಅದಕ್ಕಾಗಿ ಬುಡದಲ್ಲಿ ಬಣ್ಣದ ಗುರುತು ಹಾಕಿರುತ್ತಾರೆ. ಉಗ್ರಾಣದಲ್ಲಿ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು, ಕೈಗೆ ಸಿಕ್ಕಿದ್ದನ್ನು ಕೊಟ್ಟರೆ ಒಂದು ಪಟ್ಟಿಯ ಕಡ್ಡಿ ಇನ್ನೊಂದು ಪಟ್ಟಿಯ ಸೆಟ್ಟಿನ ಮೇಲೆ ಕೂರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಜೋಡಣೆಯ ಬಗೆಯನ್ನೂ ಬರೆಯಬೇಕು. ಹಳೆಯ ಸೆಟ್ಟುಗಳಲ್ಲಿದ್ದ ಬಿಎನ್‌ಸಿ ಜೋಡಣೆ ಕಾಲು ತಿರುವಿನಲ್ಲಿ ಗಟ್ಟಿಯಾಗಿ ಕೂರುತ್ತಿತ್ತು. ಈಗ ಬಹಳ ಸೆಟ್ಟುಗಳಲ್ಲಿರುವ ಎಸ್‌ಎಂಎ ಚಿಕ್ಕದು. ಅದರಲ್ಲೂ ಗಂಡು ಹೆಣ್ಣು ಎಂಬ ಭೇದ ಕಂಪನಿಯಿಂದ ಕಂಪನಿಗೆ ಅದಲುಬದಲು. ಉದ್ದನೆಯ ಕಡ್ಡಿ ಸನ್ನೆಗೋಲಿನಂತೆ ಬಾಗಿದಾಗ ಬುಡವೇ ಸಡಿಲವಾಗುತ್ತದೆ. ಸೆಟ್ಟನ್ನು ಆಂಟೆನಾ ಹಿಡಿದು ಎತ್ತುವ ಅಭ್ಯಾಸ ನಮ್ಮ ಸಿಬ್ಬಂದಿಯಲ್ಲಿ ಎಷ್ಟು ವ್ಯಾಪಕವೆಂಬುದನ್ನು ಬಲ್ಲವರು, ಪ್ರತಿ ಸೆಟ್ಟಿಗೆ ಎರಡು ಬಿಡಿ ಆಂಟೆನಾಗಳನ್ನು ಕೇಳಿದರೆ ದುಂದೆನ್ನಲಾರರು.

ಬಿಡಿಯಾಗಿ ಕೊಳ್ಳುವವರಿಗೆ ನಕಲಿಯ ಕಾಟವೂ ಇದೆ. ತೈವಾನಿನ ನಾಗೋಯಾ ಕಂಪನಿಯ ಎನ್‌ಎ–771, ಸುಮಾರು 40 ಸೆಂಟಿಮೀಟರಿನ, ವಿಎಚ್‌ಎಫ್ ಯುಎಚ್‌ಎಫ್ ಎರಡಕ್ಕೂ ಬರುವ ಬಾಗುವ ಕಡ್ಡಿ, ಹವ್ಯಾಸಿಗಳಲ್ಲಿ ಹೆಸರಾದದ್ದು. ಅದೇ ಕಾರಣಕ್ಕೆ ಅದರ ನಕಲುಗಳೂ ಹೇರಳ. ಹೊರಗಿನಿಂದ ನೋಡಿದರೆ ಒಂದೇ, ಒಳಗಿನ ಸುರುಳಿ ಬೇರೆ. ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ಪರವಾನಗಿಯಿಂದ ವಿನಾಯಿತಿ ಪಡೆದ 446 ಮೆಗಾಹರ್ಟ್ಸ್‌ನ ಅಲ್ಪಶಕ್ತಿ ಸೆಟ್ಟುಗಳನ್ನು ಬಿಟ್ಟರೆ ವಾಕಿಟಾಕಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು. ಪರವಾನಗಿಯ ಸೊಲ್ಲೆತ್ತದೆ ಜಾಲತಾಣಗಳಲ್ಲಿ ಇವುಗಳನ್ನು ಮಾರುವುದನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿತು. ವಿನಾಯಿತಿಯ ಸೆಟ್ಟುಗಳಿಗೆ ಬೇರೆ ಆಂಟೆನಾ ಸಿಕ್ಕಿಸುವ ಸಾಹಸ ಬೇಡ. ಅವುಗಳ ವಿನಾಯಿತಿಯೇ ಹೊರಸೂಸುವ ಶಕ್ತಿಯ ಮಿತಿಯ ಮೇಲೆ ನಿಂತಿದೆ. ಅಮೆರಿಕದಲ್ಲಂತೂ ಎಫ್‌ಆರ್‌ಎಸ್ ಎಂಬ ಅಂಥದೇ ಸೇವೆಯ ಸೆಟ್ಟುಗಳ ಆಂಟೆನಾ ಕಳಚಲು ಬರಬಾರದೆಂದೇ ನಿಯಮವಿದೆ.

ಉಳಿದದ್ದು ಪರೀಕ್ಷೆ. ಇದಕ್ಕೆ ಪ್ರಯೋಗಾಲಯ ಬೇಡ. ಒಂದೇ ಸೆಟ್ಟು, ಮೂರು ಆಂಟೆನಾ, ಶಕ್ತಿಯನ್ನು ಕನಿಷ್ಠಕ್ಕೆ ಇಳಿಸಿ, ಗಸ್ತಿನ ನಿಜವಾದ ದಾರಿಯಲ್ಲಿ ಹತ್ತಿಪ್ಪತ್ತು ಕಡೆ ನಿಂತು, ಒಂದರ ಹಿಂದೊಂದು ಹಾಕಿ ಮಾತಾಡುವುದು. ಅತ್ತ ಕೇಳುವವರಿಗೆ ಯಾವುದು ಹಾಕಿದ್ದಾರೆಂದು ಹೇಳದೆ, ಐದರಲ್ಲಿ ಎಷ್ಟು ಅಂಕ ಎಂದಷ್ಟೇ ಕೇಳುವುದು. ಒಂದು ಬೆಳಗಿನ ಕೆಲಸ, ಇಬ್ಬರು ಅರಣ್ಯ ರಕ್ಷಕರು ಸಾಕು. ಅವರಿಗಿಂತ ಉತ್ತಮ ತಾಂತ್ರಿಕ ಸಮಿತಿ ಸಿಗಲಾರದು. ತಾಂತ್ರಿಕ ಲಕೋಟೆಗೆ ಆ ಅಂಕಪಟ್ಟಿಯನ್ನು ಸೇರಿಸಿದರೆ ಯಾವ ಲೆಕ್ಕಪರಿಶೋಧಕನೂ ಆಕ್ಷೇಪಿಸಲಾರ.

ಕಾಲ ಮಾತ್ರ ಸರಿಯಾಗಿರಬೇಕು. ಅನುದಾನ ವ್ಯಪಗತವಾಗುವ ಭಯಕ್ಕೆ ನಮ್ಮ ಖರೀದಿಗಳೆಲ್ಲ ಆರ್ಥಿಕ ವರ್ಷದ ಕೊನೆಗೆ ನುಗ್ಗಿ ಬರುತ್ತವೆ. ಪರೀಕ್ಷೆಯನ್ನೂ ಆಗಲೇ ಮುಗಿಸಿಬಿಟ್ಟರೆ ಎಲ್ಲ ಆಂಟೆನಾಗಳೂ ಪಾಸಾದಂತೆ ಕಂಡಾವು. ಮಾರ್ಚ್ ತಿಂಗಳಿನಲ್ಲಿ ಬಂಡೀಪುರದ ಬಹುಪಾಲು ಮರಗಳಲ್ಲಿ ಎಲೆಯೇ ಇರುವುದಿಲ್ಲ. ಅಲೆಗಳಿಗೆ ಅಡ್ಡ ನಿಲ್ಲುವುದು ಜುಲೈನ ಕಾಡು.